ಯುದ್ಧಕಾಲದ ವಿದ್ಯೆಗೆ ಒತ್ತಾಸೆ

ಯುದ್ಧವೊಂದು ದೇಶದ ಮೇಲೆ ಬಂದೆರಗಿದಾಗ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಆಗುವ ಹಾನಿಯನ್ನು ಕುಸಿದ ಕಟ್ಟಡ, ಒಡೆದ ಪ್ರಯೋಗಾಲಯ, ಸುಟ್ಟ ಗ್ರಂಥಾಲಯಗಳ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಈ ಹಾನಿ ಕಣ್ಣಿಗೆ ಕಾಣುವಂಥದ್ದು, ಹಣ ಒದಗಿದರೆ ಹತ್ತಿಪ್ಪತ್ತು ವರ್ಷಗಳಲ್ಲಿ ತುಂಬಿಕೊಳ್ಳಬಹುದಾದದ್ದು. ಆದರೆ ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳು, ಗ್ರಂಥಪಾಲಕರು, ಪ್ರಯೋಗಾಲಯದ ಸಹಾಯಕರು ಮತ್ತು ಪರೀಕ್ಷಾ ವಿಭಾಗದ ಸಿಬ್ಬಂದಿಯ ನಡುವೆ ವರ್ಷಗಟ್ಟಲೆ ಬೆಳೆದುಬಂದ ಸಂಬಂಧಗಳ ಜಾಲವೊಂದಿದೆ. ವಿದ್ವತ್ ಸಮುದಾಯವೆಂದು ಕರೆಯುವುದು ಅದನ್ನೇ. ಒಬ್ಬ ಮಾರ್ಗದರ್ಶಕರ ಕೈಕೆಳಗೆ ಪಳಗಿದವರು ಮುಂದಿನವರನ್ನು ಪಳಗಿಸುವ ಕ್ರಮ ಒಂದು ತಲೆಮಾರಿನಲ್ಲಿ ಕಡಿದುಹೋದರೆ, ಕಟ್ಟಡಗಳು ಮತ್ತೆ ಎದ್ದು ನಿಂತ ಮೇಲೂ ಅಲ್ಲಿ ಕಲಿಸಲು ಯಾರೂ ಇರುವುದಿಲ್ಲ. ಯುದ್ಧಪೀಡಿತ ದೇಶಗಳ ವಿಶ್ವವಿದ್ಯಾಲಯಗಳಿಗೆ ಹೊರಗಿನ ವಿಶ್ವವಿದ್ಯಾಲಯಗಳು ಹೇಗೆ ನೆರವಾಗಬೇಕು ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ: ವಿದ್ವಾಂಸರನ್ನು ಉಳಿಸುವುದೂ ವಿದ್ವತ್ ಸಮುದಾಯವನ್ನು ಉಳಿಸುವುದೂ ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನು ಜಗತ್ತು ತೊಂಬತ್ತು ವರ್ಷಗಳ ಹಿಂದೆಯೇ ಕಲಿಯಿತು. ಎರಡನೆಯದನ್ನು ಉಕ್ರೇನಿನ ಯುದ್ಧದ ಸಂದರ್ಭದಲ್ಲಿ ಈಗಷ್ಟೇ ಕಲಿಯತೊಡಗಿದೆ.

1933ರ ಮಾದರಿ

ಇಂದು ಬಳಕೆಯಲ್ಲಿರುವ ನೆರವಿನ ವ್ಯವಸ್ಥೆಗಳ ಬೇರು 1933ರಲ್ಲಿದೆ. ಆ ವರ್ಷದ ಏಪ್ರಿಲ್ 7ರಂದು ಜರ್ಮನಿಯ ನಾಜಿ ಸರ್ಕಾರ ತಂದ ಕಾನೂನಿನಿಂದಾಗಿ ಯಹೂದಿಗಳೂ ರಾಜಕೀಯ ವಿರೋಧಿಗಳೂ ಸರ್ಕಾರಿ ನೌಕರಿ ಕಳೆದುಕೊಂಡರು. ಅಲ್ಲಿನ ಪ್ರಾಧ್ಯಾಪಕರು ಸರ್ಕಾರಿ ನೌಕರರೇ ಆಗಿದ್ದುದರಿಂದ ವಿಶ್ವವಿದ್ಯಾಲಯಗಳ ವಿಭಾಗ ವಿಭಾಗಗಳೇ ಬರಿದಾದವು. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನ ನಿರ್ದೇಶಕರಾಗಿದ್ದ ವಿಲಿಯಂ ಬೆವೆರಿಜ್ ಈ ಸುದ್ದಿಯನ್ನು ವಿಯೆನ್ನಾದಲ್ಲಿ ಕೇಳಿ ಲಂಡನ್ನಿಗೆ ಮರಳಿದ ಮೇಲೆ, ಅದೇ ಮೇ ತಿಂಗಳಲ್ಲಿ ವಿದ್ವಾಂಸರ ನೆರವಿಗಾಗಿ ‘ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್’ ಎಂಬ ಮಂಡಳಿ ಹುಟ್ಟಿಕೊಂಡಿತು. ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫರ್ಡ್ ಅದರ ಅಧ್ಯಕ್ಷರಾದರು. ಬೆವೆರಿಜ್ ಅವರ ಸಂಸ್ಥೆಯ ಅಧ್ಯಾಪಕರು ತಮ್ಮ ಸಂಬಳದ ಒಂದಂಶವನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಮಂಡಳಿಯ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದ ಎಸ್ತರ್ ಸಿಂಪ್ಸನ್ ಒಬ್ಬೊಬ್ಬ ವಿದ್ವಾಂಸನಿಗೂ ಯೋಗ್ಯ ವಿಭಾಗವೊಂದನ್ನು ಹುಡುಕಿಕೊಡುವ ಪತ್ರವ್ಯವಹಾರದಲ್ಲಿ ದಶಕಗಳನ್ನು ಕಳೆದರು. ಈ ಮಂಡಳಿಯ ನೆರವು ಪಡೆದವರಲ್ಲಿ ಹದಿನಾರು ಮಂದಿಗೆ ನೊಬೆಲ್ ಪ್ರಶಸ್ತಿ ಬಂತು. ಹೆಸರು ಬದಲಿಸಿಕೊಂಡು ‘ಕಾರಾ’ ಎಂದು ಕರೆಸಿಕೊಳ್ಳುತ್ತಿರುವ ಅದೇ ಸಂಸ್ಥೆ ಇಂದಿಗೂ ಸಿರಿಯಾ, ಉಕ್ರೇನ್ ಮುಂತಾದ ದೇಶಗಳ ವಿದ್ವಾಂಸರಿಗಾಗಿ ಕೆಲಸ ಮಾಡುತ್ತಿದೆ.

ಅದೇ ವರ್ಷ ಫ್ರಾಂಕ್‌ಫರ್ಟ್‌ನಿಂದ ಹೊರಬಿದ್ದ ರೋಗಶಾಸ್ತ್ರಜ್ಞ ಫಿಲಿಪ್ ಶ್ವಾರ್ಟ್ಸ್ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ನಿರಾಶ್ರಿತ ಜರ್ಮನ್ ವಿಜ್ಞಾನಿಗಳ ನೆರವಿನ ಸಂಘವೊಂದನ್ನು ಕಟ್ಟಿದರು. ಅತಾತುರ್ಕ್ ಆಳ್ವಿಕೆಯ ತುರ್ಕಿ ಆಗ ತನ್ನ ಹಳೆಯ ವಿದ್ಯಾಪೀಠವನ್ನು ಮುಚ್ಚಿ ಇಸ್ತಾಂಬುಲ್ ವಿಶ್ವವಿದ್ಯಾಲಯವನ್ನು ಹೊಸದಾಗಿ ರೂಪಿಸುತ್ತಿತ್ತು. ಶ್ವಾರ್ಟ್ಸ್ ಅಂಕಾರಾಕ್ಕೆ ಹೋಗಿ ಮಾತುಕತೆ ನಡೆಸಿ ಹತ್ತಾರು ಪ್ರಾಧ್ಯಾಪಕ ಹುದ್ದೆಗಳನ್ನು ತಮ್ಮವರಿಗಾಗಿ ಪಡೆದರು. ಬಂದವರು ಕೆಲವೇ ವರ್ಷಗಳಲ್ಲಿ ತುರ್ಕಿ ಭಾಷೆ ಕಲಿತು ಅದರಲ್ಲೇ ಪಾಠ ಮಾಡಬೇಕು, ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸಬೇಕು ಎಂಬುದು ಸರ್ಕಾರದ ಷರತ್ತಾಗಿತ್ತು. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನ 2015ರಲ್ಲಿ ಅಪಾಯದಲ್ಲಿರುವ ವಿದ್ವಾಂಸರಿಗಾಗಿ ಆರಂಭಿಸಿದ ಫೆಲೋಶಿಪ್ ಯೋಜನೆ ಶ್ವಾರ್ಟ್ಸ್ ಅವರ ಹೆಸರನ್ನೇ ಹೊತ್ತಿದೆ. ಒಮ್ಮೆ ವಿದ್ವಾಂಸರನ್ನು ಹೊರಗಟ್ಟಿದ ದೇಶ ಈಗ ಅನ್ಯರಿಗೆ ಆಶ್ರಯ ಕೊಡುತ್ತಿದೆ.

ಈ ಇತಿಹಾಸದ ಒಂದು ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ಸಿ.ವಿ. ರಾಮನ್, ಯುರೋಪಿನಲ್ಲಿ ನೆಲೆ ಕಳೆದುಕೊಂಡ ಶ್ರೇಷ್ಠ ವಿಜ್ಞಾನಿಗಳನ್ನು ಇಲ್ಲಿಗೆ ಕರೆತರಬೇಕೆಂದು ಯತ್ನಿಸಿದರು. ಗಟಿಂಗೆನ್‌ನಲ್ಲಿ ತಮ್ಮ ಪೀಠ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್, ರಾಮನ್ ಅವರ ಆಹ್ವಾನದ ಮೇರೆಗೆ 1935ರ ಕೊನೆಯ ಭಾಗದಲ್ಲಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಪಾಠ ಮಾಡಿದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಬೇಕೆಂದು ರಾಮನ್ ಸೂಚಿಸಿದಾಗ, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶಿಯೊಬ್ಬ ಈ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥದ ಮಾತು ಸಭೆಯಲ್ಲೇ ಕೇಳಿಬಂತು, ಹುದ್ದೆ ದೊರೆಯಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ಅವರಿಗೆ ನೊಬೆಲ್ ಬಂತು. ನಿರಾಶ್ರಿತ ವಿದ್ವಾಂಸರಿಗೆ ಬಾಗಿಲು ತೆರೆಯಲು ಒಬ್ಬ ಮುಖ್ಯಸ್ಥರ ದೂರದೃಷ್ಟಿಯಷ್ಟೇ ಸಾಲದು, ಅದಕ್ಕೆ ಸಂಸ್ಥೆಯ ಒಳಗಿನ ಸಮ್ಮತಿ ಮತ್ತು ಮೊದಲೇ ಸಿದ್ಧವಾಗಿರುವ ನಿಯಮಾವಳಿ ಬೇಕು ಎಂಬುದಕ್ಕೆ ಕನ್ನಡ ನಾಡಿನ ನೆಲದಲ್ಲೇ ಸಿಗುವ ನಿದರ್ಶನವಿದು.

ಊರು ಬಿಟ್ಟ ವಿದ್ಯಾಪೀಠಗಳು

1933ರ ಮಾದರಿಯ ತಿರುಳು ವ್ಯಕ್ತಿಯನ್ನು ಅಪಾಯದ ಸ್ಥಳದಿಂದ ಎತ್ತಿ ಸುರಕ್ಷಿತ ಸ್ಥಳದಲ್ಲಿ ಇರಿಸುವುದು. ಸರ್ಕಾರವೇ ವಿದ್ವಾಂಸರನ್ನು ಬೇಟೆಯಾಡುತ್ತಿದ್ದ ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ದೇಶವೇ ಹೊರಗಿನ ಆಕ್ರಮಣಕ್ಕೆ ತುತ್ತಾದಾಗ ಪರಿಸ್ಥಿತಿ ಬೇರೆ: ಅಲ್ಲಿನ ಸಮಾಜ ತನ್ನ ವಿಶ್ವವಿದ್ಯಾಲಯಗಳನ್ನು ಉಳಿಸಿಕೊಳ್ಳಲು ಹವಣಿಸುತ್ತಿರುತ್ತದೆ, ಅಧ್ಯಾಪಕರಲ್ಲಿ ಬಹಳಷ್ಟು ಮಂದಿ ಅಲ್ಲೇ ಇರಲು ಬಯಸುತ್ತಾರೆ.

ಇದಕ್ಕೆ ಚೀನಾದ ಉದಾಹರಣೆ ಪ್ರಸಿದ್ಧವಾದದ್ದು. 1937ರ ಜುಲೈನಲ್ಲಿ ಜಪಾನಿನ ಸೇನೆ ಟಿಯಾಂಜಿನ್‌ನ ನಾನ್ಕೈ ವಿಶ್ವವಿದ್ಯಾಲಯದ ಮೇಲೆ ಬಾಂಬು ಹಾಕಿದ ಮೇಲೆ, ಅದೂ ಬೀಜಿಂಗಿನ ಪೀಕಿಂಗ್ ಮತ್ತು ಸಿಂಘುವಾ ವಿಶ್ವವಿದ್ಯಾಲಯಗಳೂ ಸೇರಿ ಒಂದೇ ಸಂಸ್ಥೆಯಾಗಿ ಮೊದಲು ಚಾಂಗ್ಶಾಕ್ಕೆ, 1938ರಲ್ಲಿ ನೈರುತ್ಯದ ಕುನ್ಮಿಂಗ್‌ಗೆ ಹೋದವು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಕೆಲವು ಅಧ್ಯಾಪಕರ ಜೊತೆಗೂಡಿ ಸುಮಾರು 1,600 ಕಿಲೋಮೀಟರಿನ ಆ ಹಾದಿಯನ್ನು ಬಹುಪಾಲು ನಡೆದೇ ಕ್ರಮಿಸಿದರು. ಮಣ್ಣಿನ ಗೋಡೆಯ, ತಗಡಿನ ಸೂರಿನ ತರಗತಿಗಳಲ್ಲಿ ಎಂಟು ವರ್ಷ ನಡೆದ ಈ ‘ನೈರುತ್ಯ ಸಂಯುಕ್ತ ವಿಶ್ವವಿದ್ಯಾಲಯ’ದಲ್ಲಿ ಓದಿದ ಚೆನ್ ನಿಂಗ್ ಯಾಂಗ್ ಮತ್ತು ತ್ಸುಂಗ್-ದಾವ್ ಲೀ 1957ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಪೋಲೆಂಡಿನಲ್ಲಿ ಊರು ಬಿಟ್ಟು ಹೋಗುವ ಅವಕಾಶವೂ ಇರಲಿಲ್ಲ. 1939ರ ನವೆಂಬರ್ 6ರಂದು ಕ್ರಾಕೋವ್‌ನ ಯಾಗಿಲೋನಿಯನ್ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಉಪನ್ಯಾಸದ ನೆಪದಲ್ಲಿ ಕರೆಸಿದ ಜರ್ಮನರು ಅವರನ್ನು ಬಂಧಿಸಿ ಜರ್ಮನಿಯ ಯಾತನಾ ಶಿಬಿರಕ್ಕೆ ಸಾಗಿಸಿದರು. ವಿದೇಶಗಳಿಂದ ಬಂದ ಪ್ರತಿಭಟನೆಯ ಒತ್ತಡದಿಂದ ಹಲವರು ಕೆಲವು ತಿಂಗಳಲ್ಲಿ ಬಿಡುಗಡೆಯಾದರು. ಮರಳಿದವರೂ ಉಳಿದವರೂ ಸೇರಿ ಮನೆಮನೆಗಳಲ್ಲಿ ಗುಟ್ಟಾಗಿ ವಿಶ್ವವಿದ್ಯಾಲಯ ನಡೆಸಿದರು. ಪೋಜ್ನಾನ್‌ನಿಂದ ಹೊರದೂಡಲ್ಪಟ್ಟ ಅಧ್ಯಾಪಕರು ವಾರ್ಸಾದಲ್ಲಿ ಬೇರೆಯದೇ ರಹಸ್ಯ ವಿಶ್ವವಿದ್ಯಾಲಯ ಕಟ್ಟಿಕೊಂಡರು. ಕಟ್ಟಡವೂ ಊರೂ ಕೈತಪ್ಪಿದ ಮೇಲೂ ಅಧ್ಯಾಪಕ, ವಿದ್ಯಾರ್ಥಿ ಮತ್ತು ಮಾನ್ಯತೆಯುಳ್ಳ ಪರೀಕ್ಷೆ ಈ ಮೂರು ಉಳಿದರೆ ವಿಶ್ವವಿದ್ಯಾಲಯ ಉಳಿಯುತ್ತದೆ ಎಂಬುದನ್ನು ಈ ಎರಡು ದೇಶಗಳ ಅನುಭವ ತೋರಿಸಿಕೊಟ್ಟಿತು.

ಉಕ್ರೇನ್ ಕಲಿಸಿದ್ದು

ಉಕ್ರೇನಿನ ವಿಶ್ವವಿದ್ಯಾಲಯಗಳ ವನವಾಸ, ರಷ್ಯಾ ಪೂರ್ಣ ಪ್ರಮಾಣದ ಆಕ್ರಮಣಕ್ಕಿಳಿದ 2022ರ ಫೆಬ್ರುವರಿ 24ರಂದು ಶುರುವಾದದ್ದಲ್ಲ. 2014ರಲ್ಲಿ ದೇಶದ ಪೂರ್ವ ಭಾಗ ರಷ್ಯಾ ಬೆಂಬಲಿತ ಪಡೆಗಳ ವಶವಾದಾಗಲೇ ಹಲವು ಸಂಸ್ಥೆಗಳು ಊರು ತೊರೆದವು. ಡೊನೆಟ್ಸ್ಕ್ ರಾಷ್ಟ್ರೀಯ ವಿಶ್ವವಿದ್ಯಾಲಯ ಆ ವರ್ಷದ ಶರತ್ಕಾಲದಲ್ಲಿ ವಿನ್ನಿತ್ಸಿಯಾ ನಗರಕ್ಕೆ ಬಂದು, ಒಂದು ಕಾಲದಲ್ಲಿ ವಜ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಕಾರ್ಖಾನೆಯ ಕಟ್ಟಡದಲ್ಲಿ ತರಗತಿ ತೆರೆಯಿತು. ಡೊನೆಟ್ಸ್ಕ್‌ನಲ್ಲಿ ಓದಿ ಸೋವಿಯತ್ ಶಿಬಿರದಲ್ಲಿ 1985ರಲ್ಲಿ ತೀರಿಕೊಂಡ ಕವಿ ವಾಸಿಲ್ ಸ್ಟೂಸ್ ಅವರ ಹೆಸರನ್ನು 2016ರಲ್ಲಿ ತನ್ನದಾಗಿಸಿಕೊಂಡಿತು. ಲುಹಾನ್ಸ್ಕ್‌ನ ಒಂದು ವಿಶ್ವವಿದ್ಯಾಲಯ 2014ರಲ್ಲಿ ಸಿವೆರೊಡೊನೆಟ್ಸ್ಕ್‌ಗೆ ಬಂದಿತ್ತು. 2022ರಲ್ಲಿ ಆ ಊರೂ ಕೈಬಿಟ್ಟಾಗ ಎರಡನೇ ಸಲ ಗಂಟುಮೂಟೆ ಕಟ್ಟಬೇಕಾಯಿತು. ಮರಿಯುಪೋಲ್ ರಾಜ್ಯ ವಿಶ್ವವಿದ್ಯಾಲಯ ಕೀವ್‌ಗೂ ಖೆರ್ಸೋನ್ ರಾಜ್ಯ ವಿಶ್ವವಿದ್ಯಾಲಯ ಇವಾನೊ-ಫ್ರಾಂಕಿವ್ಸ್ಕ್‌ಗೂ ಸ್ಥಳಾಂತರಗೊಂಡವು. ಗಡಿಗೆ ಹತ್ತಿರವಿರುವ ಖಾರ್ಕಿವ್ ನಗರದ ಕರಾಜಿನ್ ವಿಶ್ವವಿದ್ಯಾಲಯ 1804ರಲ್ಲಿ ಸ್ಥಾಪನೆಯಾದ, ದೇಶದ ಅತ್ಯಂತ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದು. 2022ರ ಮಾರ್ಚ್ ಮೊದಲ ವಾರದಲ್ಲೇ ಅದರ ಕಟ್ಟಡಗಳು ಕ್ಷಿಪಣಿ ದಾಳಿಗೆ ತುತ್ತಾದವು, ಪಾಠ ಆನ್‌ಲೈನ್‌ಗೆ ಹೋಯಿತು.

ಸ್ಥಳಾಂತರವೆಂದರೆ ಪೀಠೋಪಕರಣಗಳನ್ನು ಸಾಗಿಸುವುದು ಎಂದಷ್ಟೇ ತಿಳಿಯುವಂತಿಲ್ಲ, ಏಕೆಂದರೆ ಅವನ್ನು ಸಾಗಿಸಲು ಅನೇಕ ವೇಳೆ ಆಗಲೇ ಇಲ್ಲ. ಹೊರಟದ್ದು ಪದವಿ ಕೊಡುವ ಅಧಿಕಾರ, ಅಧಿಕೃತ ಮುದ್ರೆ, ಸಿಬ್ಬಂದಿಯ ಸೇವಾ ದಾಖಲೆ, ವಿದ್ಯಾರ್ಥಿಗಳ ಅಂಕಗಳು. ಆಕ್ರಮಿತ ಪ್ರದೇಶದಲ್ಲಿ ಉಳಿದ ಕಟ್ಟಡಗಳಲ್ಲಿ ಅದೇ ಹೆಸರಿನ ಇನ್ನೊಂದು ಸಂಸ್ಥೆ ನಡೆದರೂ ಅದರ ಪದವಿಗೆ ಉಕ್ರೇನ್ ಮಾನ್ಯತೆ ಕೊಡುವುದಿಲ್ಲ. ಆಕ್ರಮಿತ ಪ್ರದೇಶದಿಂದ ಬರುವ ಯುವಕ ಯುವತಿಯರು ಸರಳ ವಿಧಾನದಲ್ಲಿ ಪ್ರವೇಶ ಪಡೆಯಲೆಂದು ದೇಶದ ವಿಶ್ವವಿದ್ಯಾಲಯಗಳಲ್ಲೇ ವಿಶೇಷ ಕೇಂದ್ರಗಳನ್ನು ತೆರೆಯಲಾಗಿದೆ. ಯುದ್ಧಕಾಲದಲ್ಲಿ ಅಂಕಪಟ್ಟಿಯೊಂದು ಎಷ್ಟು ಬೆಲೆಯುಳ್ಳ ಕಾಗದವೆಂಬುದು ಅದನ್ನು ಕಳೆದುಕೊಂಡವರಿಗೆ ಗೊತ್ತು. ಅದಿಲ್ಲದೆ ಮುಂದಿನ ಓದೂ ಇಲ್ಲ, ನೌಕರಿಯೂ ಇಲ್ಲ.

ಹೊರಗಿನ ವಿಶ್ವವಿದ್ಯಾಲಯಗಳ ಮೊದಲ ಪ್ರತಿಕ್ರಿಯೆ 1933ರ ಮಾದರಿಯಲ್ಲೇ ಇತ್ತು. ಆಕ್ರಮಣ ಶುರುವಾದ ಕೆಲವೇ ದಿನಗಳಲ್ಲಿ ‘ಸೈನ್ಸ್ ಫಾರ್ ಉಕ್ರೇನ್’ ಎಂಬ ಸ್ವಯಂಸೇವಕರ ಬಳಗ, ಯಾವ ದೇಶದ ಯಾವ ಪ್ರಯೋಗಾಲಯ ಉಕ್ರೇನಿನ ಸಂಶೋಧಕರಿಗೆ ಜಾಗ ಕೊಡಲು ಸಿದ್ಧವಿದೆ ಎಂಬ ಪಟ್ಟಿ ಮಾಡತೊಡಗಿತು. ಬ್ರಿಟಿಷ್ ಅಕಾಡೆಮಿ ಕಾರಾ ಜೊತೆಗೂಡಿ ಎರಡು ವರ್ಷಗಳವರೆಗಿನ ಫೆಲೋಶಿಪ್‌ಗಳನ್ನು ಕೊಟ್ಟಿತು. ಐರೋಪ್ಯ ಒಕ್ಕೂಟ 2.5 ಕೋಟಿ ಯೂರೊ ಮೊತ್ತದ ವಿಶೇಷ ಯೋಜನೆಯೊಂದನ್ನು 2022ರಲ್ಲೇ ರೂಪಿಸಿ, ಆರು ತಿಂಗಳಿಂದ ಎರಡು ವರ್ಷಗಳವರೆಗಿನ ಫೆಲೋಶಿಪ್‌ಗಳಿಗೆ ಹಣ ಒದಗಿಸಿತು. ಈ ನೆರವು ಸಾವಿರಾರು ಕುಟುಂಬಗಳಿಗೆ ಆಸರೆಯಾಯಿತು, ಅದರ ಮಹತ್ವವನ್ನು ಕಡೆಗಣಿಸುವಂತಿಲ್ಲ. ಆದರೆ ಅದರ ಮಿತಿಗಳೂ ಬೇಗ ಗೋಚರಿಸಿದವು. ಸೇನಾ ಕಾನೂನಿನಡಿ 18ರಿಂದ 60ರ ವಯಸ್ಸಿನ ಗಂಡಸರು ಸಾಮಾನ್ಯವಾಗಿ ದೇಶ ಬಿಡುವಂತಿರಲಿಲ್ಲವಾದ್ದರಿಂದ ಹೊರಗೆ ಹೋದ ವಿದ್ವಾಂಸರಲ್ಲಿ ಹೆಚ್ಚಿನವರು ಮಹಿಳೆಯರು. ಅವರಲ್ಲಿ ಅನೇಕರು ಮಕ್ಕಳನ್ನೂ ವೃದ್ಧ ತಂದೆತಾಯಿಯರನ್ನೂ ಕಟ್ಟಿಕೊಂಡು, ತಿಳಿಯದ ಭಾಷೆಯ ನಾಡಿನಲ್ಲಿ ಸಂಶೋಧನೆ ಮುಂದುವರಿಸಬೇಕಾಯಿತು. ಫೆಲೋಶಿಪ್ ಅವಧಿ ಮುಗಿಯುವ ಹೊತ್ತಿಗೆ ಯುದ್ಧ ಮುಗಿದಿರಲಿಲ್ಲ. ಅತ್ತ ಊರಿನಲ್ಲೇ ಉಳಿದ ಸಹೋದ್ಯೋಗಿಗಳ ಪಾಲಿಗೆ ಹೋದವರ ತರಗತಿಗಳ ಹೊರೆಯೂ ಬಿತ್ತು.

ಅಲ್ಲಿಯೇ ಇರುವವರಿಗೆ

ಈ ಮಿತಿಗಳನ್ನು ಅರಿತ ಮೇಲೆ ರೂಪುಗೊಂಡ ಕೆಲವು ಪ್ರಯೋಗಗಳು ಹೆಚ್ಚು ವಿವರವಾಗಿ ಗಮನಿಸಬೇಕಾದಂಥವು. ಮೊದಲನೆಯದು ಜೋಡಿ ವಿಶ್ವವಿದ್ಯಾಲಯ ಯೋಜನೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಒಕ್ಕೂಟದ ಮುಂದಾಳತ್ವದಲ್ಲಿ 2022ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅಲ್ಲಿನ ಒಂದು ಸಂಸ್ಥೆ ಉಕ್ರೇನಿನ ಒಂದು ಸಂಸ್ಥೆಯ ಜೊತೆ ನೇರ ಒಪ್ಪಂದ ಮಾಡಿಕೊಳ್ಳುತ್ತದೆ. ಇಂಥ ಜೋಡಿಗಳ ಸಂಖ್ಯೆ ನೂರನ್ನು ದಾಟಿತು. ಸಸೆಕ್ಸ್ ವಿಶ್ವವಿದ್ಯಾಲಯ ಗಡಿಯಂಚಿನ ಸೂಮಿ ರಾಜ್ಯ ವಿಶ್ವವಿದ್ಯಾಲಯದ ಜೋಡಿಯಾದದ್ದು ಇದಕ್ಕೊಂದು ಉದಾಹರಣೆ. ಒಪ್ಪಂದದಲ್ಲಿ ಹಣದ ವರ್ಗಾವಣೆ ಕಡ್ಡಾಯವಲ್ಲ. ಗ್ರಂಥಾಲಯದ ವಿದ್ಯುನ್ಮಾನ ಸಂಪನ್ಮೂಲಗಳನ್ನು ಹಂಚಿಕೊಳ್ಳುವುದು, ಜಂಟಿ ಪಾಠ, ಬೇಸಿಗೆ ಶಿಬಿರ, ಇಂಗ್ಲಿಷ್ ಕಲಿಕೆ, ಜಂಟಿ ಸಂಶೋಧನಾ ಅರ್ಜಿ, ಒಂದೆಡೆ ಗಳಿಸಿದ ಅಂಕಗಳನ್ನು ಇನ್ನೊಂದೆಡೆ ಮಾನ್ಯ ಮಾಡುವುದು, ಮಾನಸಿಕ ಆಘಾತಕ್ಕೆ ಒಳಗಾದವರಿಗೆ ಆಪ್ತಸಮಾಲೋಚನೆ ಮುಂತಾದವು ಇದರಲ್ಲಿ ಸೇರುತ್ತವೆ. ನೆರವು ವ್ಯಕ್ತಿಗೆ ಸಲ್ಲುವ ಬದಲು ಸಂಸ್ಥೆಗೆ ಸಲ್ಲುವುದರಿಂದ, ಏನು ಬೇಕೆಂದು ಹೇಳುವ ಹಕ್ಕು ಪಡೆಯುವವರ ಕೈಯಲ್ಲೇ ಉಳಿಯುತ್ತದೆ ಎಂಬುದೇ ಈ ಯೋಜನೆಯ ಮುಖ್ಯ ಗುಣ.

ಎರಡನೆಯದು ಅನಿವಾಸಿ ಫೆಲೋಶಿಪ್. ಆತಿಥೇಯ ವಿಶ್ವವಿದ್ಯಾಲಯದ ಊರಿಗೆ ಹೋಗಿ ನೆಲೆಸದೆ, ತನ್ನ ಊರಿನಲ್ಲೇ ಇದ್ದುಕೊಂಡು ಸಂಶೋಧನೆ ಮಾಡುವವರಿಗೆ ಕೊಡುವ ಶಿಷ್ಯವೇತನವಿದು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಉಕ್ರೇನಿನ ವಿದ್ವಾಂಸರಿಗೆ ಇಂಥ ಯೋಜನೆಯನ್ನು 2022ರಲ್ಲಿ ಆರಂಭಿಸಿ, ತನ್ನ ಗ್ರಂಥಾಲಯದ ಆನ್‌ಲೈನ್ ಸಂಗ್ರಹವನ್ನೂ ಅವರಿಗೆ ತೆರೆದಿಟ್ಟಿತು. ಪಶ್ಚಿಮದ ನಗರವೊಂದರಲ್ಲಿ ಒಬ್ಬ ಸಂದರ್ಶಕ ವಿದ್ವಾಂಸರ ವಾಸ್ತವ್ಯಕ್ಕೆ ತಗಲುವ ವೆಚ್ಚದಲ್ಲಿ ಹಲವು ಮಂದಿಯನ್ನು ಅವರ ಊರಿನಲ್ಲೇ ಬೆಂಬಲಿಸಬಹುದು. ಗಡಿ ದಾಟಲಾಗದ ಗಂಡಸರಿಗೂ ಇದು ಎಟಕುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಕೈಬಿಡುವುದಿಲ್ಲ.

ಮೂರನೆಯದು ‘ಉಕ್ರೇನಿಗಾಗಿ ಅದೃಶ್ಯ ವಿಶ್ವವಿದ್ಯಾಲಯ’. ಹಂಗೇರಿ ಸರ್ಕಾರದ 2017ರ ಕಾನೂನಿನಿಂದಾಗಿ ಬುಡಾಪೆಸ್ಟ್ ಬಿಟ್ಟು ವಿಯೆನ್ನಾಕ್ಕೆ ಹೋಗಬೇಕಾದ ಮಧ್ಯ ಯುರೋಪಿಯನ್ ವಿಶ್ವವಿದ್ಯಾಲಯ 2022ರಲ್ಲಿ ಆರಂಭಿಸಿದ ಆನ್‌ಲೈನ್ ಕಾರ್ಯಕ್ರಮವಿದು. ಉಕ್ರೇನಿನಲ್ಲೇ ಉಳಿದ ವಿದ್ಯಾರ್ಥಿಗಳೂ ಹೊರಗೆ ಚದುರಿಹೋದವರೂ ಒಂದೇ ತರಗತಿಯಲ್ಲಿ ಸೇರುತ್ತಾರೆ, ಉಕ್ರೇನಿನ ಅಧ್ಯಾಪಕರು ವಿದೇಶಿ ಅಧ್ಯಾಪಕರ ಜೊತೆ ಸಮಾನವಾಗಿ ಕಲಿಸುತ್ತಾರೆ. ವಿದ್ಯಾರ್ಥಿ ತನ್ನ ಮೂಲ ವಿಶ್ವವಿದ್ಯಾಲಯವನ್ನು ಬಿಡಬೇಕಾಗಿಲ್ಲ, ಅಲ್ಲಿಲ್ಲದ ವಿಷಯವನ್ನು ಇಲ್ಲಿ ಕಲಿತು ಅದರ ಶ್ರೇಯಾಂಕವನ್ನು ಅಲ್ಲಿಗೆ ಒಯ್ಯಬಹುದು. ಸ್ವತಃ ನೆಲೆ ಕಳೆದುಕೊಂಡಿದ್ದ ಸಂಸ್ಥೆಯೊಂದಕ್ಕೆ ನೆಲೆ ಕಳೆದುಕೊಂಡವರ ಅಗತ್ಯ ಬೇಗ ಅರ್ಥವಾದದ್ದು ಸಹಜವೇ.

ನಾಲ್ಕನೆಯದು ದಾಖಲೆಗಳ ರಕ್ಷಣೆ. 2022ರ ಮಾರ್ಚ್ 1ರಂದು ಅಮೆರಿಕ ಮತ್ತು ಆಸ್ಟ್ರಿಯಾದ ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಸಂಸ್ಥೆಗಳ ಮೂವರು ಸಿಬ್ಬಂದಿ ಸೇರಿ ‘ಸೂಕೊ’ ಎಂಬ ಬಳಗ ಕಟ್ಟಿದರು. ಉಕ್ರೇನಿನ ಗ್ರಂಥಾಲಯ, ಪತ್ರಾಗಾರ, ವಸ್ತುಸಂಗ್ರಹಾಲಯಗಳ ಜಾಲತಾಣಗಳಲ್ಲಿರುವ ಎಲ್ಲವನ್ನೂ ಅವು ನಾಶವಾಗುವ ಮುನ್ನ ಬೇರೆಡೆ ನಕಲು ಮಾಡಿ ಇಡುವುದು ಇದರ ಕೆಲಸ. ಪತ್ರಾಗಾರವೆಂದರೆ ಆಡಳಿತ ಮತ್ತು ಜನಜೀವನದ ಹಳೆಯ ಮೂಲ ದಾಖಲೆಗಳನ್ನು ಕಾಪಿಡುವ ಸಂಸ್ಥೆ. ಇತಿಹಾಸ ಸಂಶೋಧನೆ ನಿಂತಿರುವುದೇ ಅದರ ಮೇಲೆ. ಖಾರ್ಕಿವ್‌ನ ಸರ್ಕಾರಿ ಪತ್ರಾಗಾರದ ಜಾಲತಾಣದ ನಕಲು ಮುಗಿದ ಸ್ವಲ್ಪ ಹೊತ್ತಿನಲ್ಲೇ ಮೂಲ ತಾಣ ಸ್ಥಗಿತಗೊಂಡಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ 50 ಟೆರಾಬೈಟ್‌ಗೂ ಮಿಗಿಲಾದ ಮಾಹಿತಿಯನ್ನು ಹೀಗೆ ಉಳಿಸಿದರು. ಇವರಲ್ಲಿ ಬಹಳ ಮಂದಿ ಗ್ರಂಥಪಾಲಕರು, ಸಂಶೋಧನಾ ವಿದ್ಯಾರ್ಥಿಗಳು. ವಿಶ್ವವಿದ್ಯಾಲಯದ ನೆರವೆಂದರೆ ಕುಲಪತಿಗಳ ಹೇಳಿಕೆಯೆಂದು ತಿಳಿದವರಿಗೆ ಇವರ ಕೆಲಸ ಬೇರೆಯದೇ ಪಾಠ ಹೇಳುತ್ತದೆ.

ಇವೆಲ್ಲಕ್ಕೂ ಆಧಾರವಾಗಿ ತೀರಾ ಸಾಮಾನ್ಯವಾದ ಅಗತ್ಯಗಳಿವೆ. 2022ರ ಅಕ್ಟೋಬರ್‌ನಿಂದ ವಿದ್ಯುತ್ ಜಾಲದ ಮೇಲೆ ದಾಳಿಗಳು ಹೆಚ್ಚಾದ ಮೇಲೆ ಗಂಟೆಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ನೇರ ಆನ್‌ಲೈನ್ ತರಗತಿ ನಡೆಸುವುದು ಕಷ್ಟವಾಯಿತು. ಪಾಠವನ್ನು ಧ್ವನಿಮುದ್ರಿಸಿಟ್ಟು, ಕರೆಂಟು ಬಂದಾಗ ವಿದ್ಯಾರ್ಥಿಗಳು ಕೇಳಿಸಿಕೊಳ್ಳುವ ಕ್ರಮ ಬೇಕಾಯಿತು. ಜನರೇಟರ್, ಬ್ಯಾಟರಿ, ಲ್ಯಾಪ್‌ಟಾಪ್, ನೆಲಮಾಳಿಗೆಯ ಸುರಕ್ಷಿತ ತರಗತಿ, ಪ್ರಯೋಗಾಲಯದ ಮಾದರಿಗಳನ್ನು ಕೆಡದಂತೆ ಇಡುವ ಶೈತ್ಯಾಗಾರಕ್ಕೆ ತಡೆಯಿಲ್ಲದ ವಿದ್ಯುತ್ ಇವು ಫೆಲೋಶಿಪ್‌ನಷ್ಟೇ ಮುಖ್ಯವಾದ ವಿದ್ವತ್ ನೆರವು. ದಾನಿಗಳ ಫಲಕದಲ್ಲಿ ಇವು ಚೆನ್ನಾಗಿ ಕಾಣುವುದಿಲ್ಲ ಎಂಬ ಕಾರಣಕ್ಕೆ ಹಿಂದೆ ಬೀಳಬಾರದು.

ಕರ್ನಾಟಕದ ಬಾಗಿಲು

ಈ ಯುದ್ಧ ಕರ್ನಾಟಕದ ಮನೆಬಾಗಿಲಿಗೂ ಬಂತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಡೆದ ದಾಳಿಯಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ವಾರಗಳ ನಂತರ ಊರಿಗೆ ಬಂದ ಅವನ ದೇಹವನ್ನು ಕುಟುಂಬದವರು ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಅಧ್ಯಯನಕ್ಕೆಂದು ದಾನ ಮಾಡಿದರು. ಉಕ್ರೇನಿನಲ್ಲಿ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳನ್ನು ‘ಆಪರೇಷನ್ ಗಂಗಾ’ ಮೂಲಕ ತರಲಾಯಿತಾದರೂ, ಅವರ ಓದನ್ನು ಜೊತೆಗೆ ತರುವುದು ಸುಲಭವಾಗಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ‘ಅಕಾಡೆಮಿಕ್ ಮೊಬಿಲಿಟಿ’ ಕ್ರಮವನ್ನು, ಅಂದರೆ ಪದವಿ ಮೂಲ ವಿಶ್ವವಿದ್ಯಾಲಯದ್ದೇ ಆಗಿದ್ದು ಓದನ್ನು ಮಾತ್ರ ಬೇರೆ ದೇಶದ ಸಂಸ್ಥೆಯಲ್ಲಿ ಮುಂದುವರಿಸುವ ವ್ಯವಸ್ಥೆಯನ್ನು, ಮಾನ್ಯ ಮಾಡಿತು. ಅಷ್ಟರಲ್ಲಿ ಆ ವಿದ್ಯಾರ್ಥಿಗಳ ಪಾಲಿಗೆ ಆರು ತಿಂಗಳಿಗೂ ಹೆಚ್ಚು ಕಾಲ ಅನಿಶ್ಚಯದಲ್ಲಿ ಕಳೆದಿತ್ತು. ಇದಕ್ಕೂ ಮೊದಲು, 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರು ವಿಶ್ವವಿದ್ಯಾಲಯವೂ ಸೇರಿದಂತೆ ರಾಜ್ಯದ ಸಂಸ್ಥೆಗಳಲ್ಲಿದ್ದ ಆಫ್ಗನ್ ವಿದ್ಯಾರ್ಥಿಗಳ ವೀಸಾ, ಶುಲ್ಕ, ಹಾಸ್ಟೆಲ್ ವಾಸದ ಪ್ರಶ್ನೆಗಳು ಒಮ್ಮೆಲೇ ಎದ್ದಿದ್ದವು. ಎರಡೂ ಸಂದರ್ಭಗಳಲ್ಲಿ ಕೊರತೆಯಾದದ್ದು ಸದ್ಭಾವನೆಯಲ್ಲ, ಮುಂಚಿನ ಸಿದ್ಧತೆ.

ಗಮನವೂ ಎಲ್ಲ ಯುದ್ಧಗಳಿಗೆ ಸಮನಾಗಿ ಹಂಚಿಕೆಯಾಗಿಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧ ರಾಜಧಾನಿ ಖಾರ್ತೂಮ್‌ನಲ್ಲೇ ಶುರುವಾದಾಗ ದೇಶದ ಉನ್ನತ ಶಿಕ್ಷಣದ ಹೃದಯಭಾಗಕ್ಕೇ ಪೆಟ್ಟು ಬಿತ್ತು, ಆದರೆ ಅಲ್ಲಿನ ಅಧ್ಯಾಪಕರಿಗೆ ಉಕ್ರೇನಿನವರಿಗೆ ದೊರೆತಷ್ಟು ಯೋಜನೆಗಳು ದೊರೆಯಲಿಲ್ಲ. ಅದೇ ವರ್ಷದ ಅಕ್ಟೋಬರ್ ನಂತರ ಗಾಜಾದ ವಿಶ್ವವಿದ್ಯಾಲಯಗಳೆಲ್ಲ ನೆಲಸಮವಾದವು ಇಲ್ಲವೇ ತೀವ್ರವಾಗಿ ಹಾನಿಗೊಂಡವು. ಆಗ ಪಶ್ಚಿಮ ದಂಡೆಯ ಬೀರ್‌ಜೇಟ್ ಮತ್ತು ಅನ್-ನಜಾಹ್ ವಿಶ್ವವಿದ್ಯಾಲಯಗಳು, ತಾವೇ ಸಂಕಷ್ಟದಲ್ಲಿದ್ದರೂ, ಗಾಜಾದ ವಿದ್ಯಾರ್ಥಿಗಳನ್ನು ಆನ್‌ಲೈನ್ ತರಗತಿಗಳಿಗೆ ಸೇರಿಸಿಕೊಂಡವು. ನೆರವಾಗಲು ಸಿರಿವಂತಿಕೆ ಬೇಕೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗಾದರೆ ಕರ್ನಾಟಕದ ವಿಶ್ವವಿದ್ಯಾಲಯಗಳಿಂದ ಏನಾಗಬಹುದು? ದೊಡ್ಡ ಮೊತ್ತದ ಫೆಲೋಶಿಪ್‌ಗಳು ಅವುಗಳ ಶಕ್ತಿಗೆ ಮೀರಿದವಾಗಿರಬಹುದು. ಆದರೆ ಯುದ್ಧಪೀಡಿತ ದೇಶದ ಸಂಶೋಧಕರಿಗೆ ಗ್ರಂಥಾಲಯದ ಆನ್‌ಲೈನ್ ಸೌಲಭ್ಯ, ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಹಮಾರ್ಗದರ್ಶಕರು, ಜಂಟಿ ಆನ್‌ಲೈನ್ ಪಾಠ, ಮೂಲ ದಾಖಲೆ ಕಳೆದುಕೊಂಡವರ ಅರ್ಹತೆಯನ್ನು ಸಂದರ್ಶನ ಅಥವಾ ಪರೀಕ್ಷೆಯ ಮೂಲಕ ಗುರುತಿಸುವ ನಿಯಮ, ಇಲ್ಲೇ ಓದುತ್ತಿರುವ ವಿದೇಶಿ ವಿದ್ಯಾರ್ಥಿಯ ದೇಶದಲ್ಲಿ ಯುದ್ಧ ಶುರುವಾದರೆ ಶುಲ್ಕ ಮುಂದೂಡಿ ಹಾಸ್ಟೆಲ್ ಉಳಿಸಿಕೊಡುವ ಆದೇಶ ಇವುಗಳಿಗೆ ಬೇಕಾದದ್ದು ಅಕಾಡೆಮಿಕ್ ಕೌನ್ಸಿಲಿನ ಒಂದು ನಿರ್ಣಯ ಮತ್ತು ಹೊಣೆ ಹೊರುವ ಒಬ್ಬ ಅಧಿಕಾರಿ ಮಾತ್ರ. ಇಂಥ ನಿಯಮಗಳನ್ನು ಶಾಂತಿಯ ಕಾಲದಲ್ಲೇ ಬರೆದಿಟ್ಟುಕೊಂಡರೆ, ಮುಂದಿನ ಮ್ಯಾಕ್ಸ್ ಬಾರ್ನ್ ಕುರಿತ ತೀರ್ಮಾನ ಸಭೆಯೊಂದರ ಪೂರ್ವಗ್ರಹದ ಮೇಲೆ ನಿಲ್ಲುವುದಿಲ್ಲ.

ನೆರವಿನ ಅಳತೆಗೋಲನ್ನೂ ಬದಲಿಸಿಕೊಳ್ಳಬೇಕಾಗಿದೆ. ಎಷ್ಟು ವಿದ್ವಾಂಸರು ತಮ್ಮಲ್ಲಿಗೆ ಬಂದರು ಎಂಬುದನ್ನು ಎಣಿಸುವ ವಿಶ್ವವಿದ್ಯಾಲಯಗಳು, ಅವರು ಬಿಟ್ಟುಬಂದ ವಿಭಾಗಗಳಲ್ಲಿ ಎಷ್ಟು ಈ ವರ್ಷವೂ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿವೆ ಎಂಬುದನ್ನೂ ಎಣಿಸಬೇಕು. ಯುದ್ಧ ನಿಂತ ಮರುದಿನದಿಂದ ಆ ದೇಶಕ್ಕೆ ವೈದ್ಯರು, ಎಂಜಿನಿಯರುಗಳು, ಶಿಕ್ಷಕರು, ನ್ಯಾಯಾಧೀಶರು ಬೇಕಾಗುತ್ತಾರೆ. ಅವರನ್ನು ತಯಾರು ಮಾಡುವವರು ಆ ನೆಲದಲ್ಲೇ, ಆ ಭಾಷೆಯಲ್ಲೇ ಪಾಠ ಹೇಳುವ ಅಧ್ಯಾಪಕರು. ಆಶ್ರಯ ಬೇಡಿ ಬಂದವರಿಗೆ ಆಶ್ರಯ ಕೊಡುವುದು ಮಾನವೀಯತೆಯ ಕರ್ತವ್ಯ. ಅಲ್ಲಿಯೇ ಉಳಿದು ಕಲಿಸುತ್ತಿರುವವರ ಬೆನ್ನಿಗೆ ನಿಲ್ಲುವುದು ವಿಶ್ವವಿದ್ಯಾಲಯವೊಂದು ಇನ್ನೊಂದು ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾದ ಋಣ. ಎರಡನ್ನೂ ಏಕಕಾಲಕ್ಕೆ ಮಾಡುವ ಸಂಸ್ಥೆಗಳ ಸಂಖ್ಯೆ ಹೆಚ್ಚಿದಷ್ಟೂ, ಯುದ್ಧ ಕೊನೆಗೊಂಡ ದೇಶಗಳು ತಮ್ಮ ನಾಳೆಗಳನ್ನು ತಾವೇ ಕಟ್ಟಿಕೊಳ್ಳುವ ಶಕ್ತಿ ಹೆಚ್ಚುತ್ತದೆ.